ಹಡಗು ಹತ್ತುವ ಮೊದಲು ಒಂದು ಸಣ್ಣ ಪ್ರಶ್ನೆ ಮುಗಿಸಿ

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಇನ್ನೊಂದು ವರ್ಷ ಬಾಕಿ ಇದೆ. ಮುಂದೆ ಸಮುದ್ರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಆಸೆ. ತಿಮಿಂಗಿಲಗಳ ಮೇಲೆ ಕೆಲಸ ಮಾಡುವುದು ಚಿಕ್ಕಂದಿನ ಕನಸು. ಆದರೆ ಸಮುದ್ರ ವಿಜ್ಞಾನವನ್ನು ನಾನು ಪಾಠವಾಗಿ ಓದಿಯೇ ಇಲ್ಲ. ಗಣಿತ ಅಂದರೆ ಭಯ. ಬಸ್ಸಿನಲ್ಲೇ ವಾಂತಿ ಬರುತ್ತದೆ, ಇನ್ನು ಹಡಗಿನಲ್ಲಿ ಏನು ಗತಿ? ಈಜು ಬರುವುದಿಲ್ಲ. ಇಪ್ಪತ್ತು ವಿಜ್ಞಾನಿಗಳಿಗೆ ಇಮೇಲ್ ಹಾಕಿದೆ, ಒಬ್ಬರೂ ಉತ್ತರ ಕೊಡಲಿಲ್ಲ. ನನ್ನಂಥವರಿಗೆ ದಾರಿ ಇದೆಯಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ದಾರಿ ಇದೆ. ನಿಮ್ಮ ಪತ್ರದಲ್ಲಿ ಐದು ಅಡ್ಡಿಗಳಿವೆ. ನಾಲ್ಕಕ್ಕೆ ನೀವು ಅಷ್ಟು ಹೆದರಬೇಕಿಲ್ಲ. ಐದನೆಯದು, ಅಂದರೆ ಆ ಇಪ್ಪತ್ತು ಇಮೇಲ್, ನೀವೇ ತಂದುಕೊಂಡದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು "ಓದಿಲ್ಲ" ಅನ್ನುವ ಕೊರಗು. ಸಂಶೋಧನಾ ಹಡಗಿನ ಊಟದ ಮೇಜಿನಲ್ಲಿ ನನ್ನ ಎದುರು ಕೂತವರನ್ನೆಲ್ಲ ನೆನಪಿಸಿಕೊಳ್ಳುತ್ತೇನೆ. ಸಮುದ್ರ ವಿಜ್ಞಾನವನ್ನೇ ಪದವಿಯಿಂದ ಓದಿಕೊಂಡು ಬಂದವರು ಕಡಿಮೆ. ಒಬ್ಬರು ಭೌತಶಾಸ್ತ್ರದವರು, ನೀರಿನ ಸುಳಿಗಳ ಹಿಂದೆ ಬಿದ್ದಿರುತ್ತಾರೆ. ಒಬ್ಬರು ರಸಾಯನಶಾಸ್ತ್ರದವರು, ಬಾಟಲಿ ಮುಟ್ಟಿದರೆ ಬೈಯುತ್ತಾರೆ. ಒಬ್ಬರು ಭೂವಿಜ್ಞಾನಿ, ತಳದ ಕೆಸರಿಗಾಗಿ ಮೂರು ದಿನದಿಂದ ಕಾದು ಕೂತಿರುತ್ತಾರೆ. ಇನ್ನೊಬ್ಬರು ಕಂಪ್ಯೂಟರ್ ಬಿಟ್ಟು ಮೇಲಕ್ಕೇ ಬರುವುದಿಲ್ಲ. ಇವರೆಲ್ಲ ಸೇರಿದರೆ ಸಮುದ್ರ ವಿಜ್ಞಾನ. ನಿಮ್ಮ ಪ್ರಾಣಿಶಾಸ್ತ್ರಕ್ಕೂ ಆ ಮೇಜಿನಲ್ಲಿ ಒಂದು ಕುರ್ಚಿ ಇದೆ.

ಇಲ್ಲೊಂದು ತಮಾಷೆಯ ಸಂಗತಿ. 1977ರಲ್ಲಿ ಗಲಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ, ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದವರು ಬಿಸಿನೀರಿನ ಬುಗ್ಗೆಗಳನ್ನು ಕಂಡರು. ಸುತ್ತ ರಾಶಿ ರಾಶಿ ಜೀವಿಗಳಿದ್ದವು. ಬಿಸಿಲೇ ತಲುಪದ ಜಾಗ ಅದು. ಆ ಯಾನದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಇದ್ದವರೆಲ್ಲ ಕಲ್ಲು ಮತ್ತು ನೀರಿನ ರಸಾಯನ ನೋಡಲು ಹೋದವರು. ಸಿಕ್ಕ ಪ್ರಾಣಿಗಳನ್ನು ಕೆಡದಂತೆ ಇಡಲು ಸಾಕಷ್ಟು ಫಾರ್ಮಾಲಿನ್ ಕೂಡ ಇರಲಿಲ್ಲ. ವೋಡ್ಕಾದಲ್ಲಿ ಅದ್ದಿಟ್ಟರು. ನಿಮ್ಮಂಥ ಪ್ರಾಣಿಶಾಸ್ತ್ರದವರು ಒಬ್ಬರು ಅಲ್ಲಿರಬೇಕಿತ್ತು, ಅಲ್ವಾ?

ಇನ್ನು ನಾನ್ಸೆನ್ ಕತೆ. ನಾರ್ವೆಯ ಫ್ರಿಡ್ಟ್ಯೋಫ್ ನಾನ್ಸೆನ್ ಓದಿದ್ದು ನಿಮ್ಮ ವಿಷಯವನ್ನೇ. 1888ರಲ್ಲಿ ಅವರಿಗೆ ಡಾಕ್ಟರೇಟ್ ಸಿಕ್ಕಿದ್ದು ನರಮಂಡಲದ ರಚನೆಯ ಮೇಲೆ ಮಾಡಿದ ಕೆಲಸಕ್ಕೆ. ಆಮೇಲೆ, 1893ರಿಂದ 1896ರವರೆಗೆ, ಫ್ರಾಮ್ ಎಂಬ ಹಡಗನ್ನು ಬೇಕೆಂದೇ ಆರ್ಕ್ಟಿಕ್ ಹಿಮದಲ್ಲಿ ಸಿಕ್ಕಿಸಿ, ಹಿಮ ಹೋದ ಕಡೆ ತೇಲಲು ಬಿಟ್ಟರು. ಆಗ ಒಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಗಾಳಿ ಬೀಸುವ ದಿಕ್ಕಿಗೆ ಹಿಮ ನೇರವಾಗಿ ಹೋಗುತ್ತಿರಲಿಲ್ಲ. ಗಾಳಿಯ ಬಲಕ್ಕೆ 20ರಿಂದ 40 ಡಿಗ್ರಿ ವಾಲಿಕೊಂಡು ಹೋಗುತ್ತಿತ್ತು. ಭೂಮಿ ತಿರುಗುವುದರಿಂದ ಹೀಗಾಗುತ್ತಿರಬಹುದು ಅಂತ ನಾನ್ಸೆನ್ ಊಹಿಸಿದರು. ಲೆಕ್ಕ ಹಾಕಿ ತೋರಿಸಲು ಬೇರೆಯವರು ಬೇಕಿತ್ತು. ಭೌತವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಅವರ ಬಳಿ ಹೋದರು. ಬ್ಯರ್ಕ್ನೆಸ್ ಆ ಕೆಲಸವನ್ನು ತಮ್ಮ ಒಬ್ಬ ವಿದ್ಯಾರ್ಥಿಗೆ ಕೊಟ್ಟರು. ಆ ವಿದ್ಯಾರ್ಥಿಯ ಹೆಸರು ವಾಲ್ಫ್ರಿಡ್ ಎಕ್ಮನ್.

ಎಕ್ಮನ್ ಫ್ರಾಮ್ ಹಡಗಿನಲ್ಲಿ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಇನ್ನೊಬ್ಬರು ಬರೆದಿಟ್ಟ ಅಳತೆ, ಮತ್ತು ಒಂದು ಚಿಕ್ಕ ಪ್ರಶ್ನೆ: ಹಿಮ ಯಾಕೆ ಬಲಕ್ಕೆ ಹೋಗುತ್ತದೆ? 1905ರ ಹೊತ್ತಿಗೆ ಉತ್ತರ ಪೂರ್ತಿ ರೂಪದಲ್ಲಿ ಅಚ್ಚಾಯಿತು. ಗಾಳಿ ಮೇಲಿನ ನೀರನ್ನು ಎಳೆಯುತ್ತದೆ, ಮೇಲಿನ ಪದರ ಕೆಳಗಿನ ಪದರವನ್ನು ಎಳೆಯುತ್ತದೆ, ಪ್ರತಿ ಪದರವೂ ಇನ್ನಷ್ಟು ತಿರುಗುತ್ತಾ ನಿಧಾನವಾಗುತ್ತದೆ. ಒಟ್ಟು ಲೆಕ್ಕ ಹಾಕಿದರೆ, ಉತ್ತರಾರ್ಧ ಗೋಳದಲ್ಲಿ ನೀರು ಗಾಳಿಗೆ ಸರಿಯಾಗಿ 90 ಡಿಗ್ರಿ ಬಲಕ್ಕೆ ಸಾಗುತ್ತದೆ. ದಕ್ಷಿಣದಲ್ಲಿ ಎಡಕ್ಕೆ. ಇದರಿಂದ ಇನ್ನೊಂದು ಗುಟ್ಟೂ ಬಿಡಿಸಿಕೊಂಡಿತು. ಪೆರುವಿನ ಕರಾವಳಿಯಲ್ಲಿ ಗಾಳಿ ದಡದ ಉದ್ದಕ್ಕೆ ಬೀಸಿದರೆ ಮೇಲಿನ ನೀರು ದಡ ಬಿಟ್ಟು ಹೊರಗೆ ಹೋಗುತ್ತದೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಅಲ್ಲಿ ಅಷ್ಟೊಂದು ಮೀನು ಸಿಗುವುದು ಅದಕ್ಕೇ.

ಈ ಕತೆ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ನಿಮಗೆ ನಾನು ಕೊಡುವ ಮುಖ್ಯ ಸಲಹೆ ಎಕ್ಮನ್ ಮಾಡಿದ್ದನ್ನೇ ಮಾಡಿ ಅಂತ. ಯಾರೋ ಅಳೆದಿಟ್ಟದ್ದು ಈಗಾಗಲೇ ಬೇಕಾದಷ್ಟಿದೆ. ಅದರಲ್ಲಿ ಒಂದು ಸಣ್ಣ ಪ್ರಶ್ನೆ ಹಿಡಿಯಿರಿ. ಶುರುವಿನಿಂದ ಕೊನೆತನಕ ಮುಗಿಸಿ. ಆಮೇಲೆ ಹಡಗು, ಆಮೇಲೆ ಪಿಎಚ್‌ಡಿ ಅರ್ಜಿ, ಆಮೇಲೆ ಇಮೇಲ್.

ಹಡಗಿಲ್ಲದೆ ದೊಡ್ಡ ಕೆಲಸ ಆಗುತ್ತದೆಯೇ ಅಂತ ಅನುಮಾನ ಬರಬಹುದು. ಸಮುದ್ರತಳದ ನಕ್ಷೆ ಬರೆದ ಅಮೆರಿಕದ ಮರೀ ಥಾರ್ಪ್ ಅವರನ್ನು ನೋಡಿ. 1950ರ ದಶಕದ ಶುರುವಿನಲ್ಲಿ ಅಲ್ಲಿ ಹೆಂಗಸರನ್ನು ಸಂಶೋಧನಾ ಹಡಗಿಗೆ ಹತ್ತಿಸುತ್ತಿರಲಿಲ್ಲ. ಗಂಡಸರು ಹಡಗಿನಲ್ಲಿ ಹೋಗಿ ತಳದ ಆಳ ಅಳೆದು ತರುತ್ತಿದ್ದರು. ಥಾರ್ಪ್ ದಡದಲ್ಲಿ ಕೂತು, ಆ ಸಂಖ್ಯೆಗಳನ್ನು ಸಾಲು ಸಾಲಾಗಿ ಕಾಗದದ ಮೇಲೆ ಇಳಿಸುತ್ತಿದ್ದರು. ಹಾಗೆ ಇಳಿಸುವಾಗಲೇ ಅಟ್ಲಾಂಟಿಕ್ ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಒಂದು ಸೀಳುಕಣಿವೆ ಅವರಿಗೆ ಕಂಡಿತು. ಅದು ಇದೆ ಅಂದರೆ ಸಮುದ್ರದ ತಳ ಬಿರಿದು ದೂರ ಸರಿಯುತ್ತಿದೆ ಅಂತ ಅರ್ಥ. ಜೊತೆಗಾರ ಬ್ರೂಸ್ ಹೀಜನ್ ಮೊದಲು ಒಪ್ಪಲಿಲ್ಲ, ತಳ್ಳಿಹಾಕಿದರು. ಸಮುದ್ರದಡಿಯ ಭೂಕಂಪಗಳ ಕೇಂದ್ರಗಳನ್ನು ಅದೇ ಅಳತೆಯ ನಕ್ಷೆಯಲ್ಲಿ ಗುರುತಿಸಿ ಪಕ್ಕದಲ್ಲಿಟ್ಟಾಗ, ಚುಕ್ಕಿಗಳು ಆ ಕಣಿವೆಯ ಗೆರೆಯ ಮೇಲೇ ಕೂತಿದ್ದವು. ಥಾರ್ಪ್ ಸಂಶೋಧನಾ ಹಡಗು ಹತ್ತಿದ್ದು 1968ರಲ್ಲಿ. ಹೆಂಗಸರಿಗೆ ಮಾಡಿದ ಆ ಅನ್ಯಾಯ ಅನ್ಯಾಯವೇ, ಅದನ್ನು ಸಮರ್ಥಿಸುತ್ತಿಲ್ಲ. ಆದರೆ ಕಣ್ಣಿದ್ದವರಿಗೆ ಮೇಜಿನ ಮೇಲೂ ಸಮುದ್ರ ಸಿಗುತ್ತದೆ.

ಹೊರಗಿನವರಿಗೆ ತಿಳಿಯದ ಇನ್ನೊಂದು ಮಾತು. ಹಡಗಿಗೆ ಹೋಗುವವರು ಕೂಡ ಜಾಸ್ತಿ ಸಮಯ ಕಳೆಯುವುದು ಮೇಜಿನ ಮುಂದೆಯೇ. ಚಾಲೆಂಜರ್ ಎಂಬ ಬ್ರಿಟಿಷ್ ಹಡಗಿನ ಸಂಶೋಧನಾ ಯಾನ 1872ರ ಡಿಸೆಂಬರಿನಲ್ಲಿ ಹೊರಟು 1876ರ ಮೇ ತಿಂಗಳಲ್ಲಿ ಮರಳಿತು. ಅದರ ವರದಿಗಳು 50 ಸಂಪುಟ. ಕೊನೆಯದು ಹೊರಬಂದದ್ದು 1895ರಲ್ಲಿ. ನೀರಿನ ಮೇಲೆ ಮೂರೂವರೆ ವರ್ಷ, ಬರೆದು ಮುಗಿಸಲು 19 ವರ್ಷ. ನನ್ನ ಅನುಭವದಲ್ಲಿ ಈ ಲೆಕ್ಕ ಈಗಲೂ ಹೆಚ್ಚು ಬದಲಾಗಿಲ್ಲ. ಒಂದು ತಿಂಗಳು ಸಮುದ್ರದಲ್ಲಿದ್ದು ತಂದದ್ದನ್ನು ಸೋಸಿ, ಎಣಿಸಿ, ಅಳೆದು, ಬರೆಯಲು ಎರಡು ವರ್ಷ ಹಿಡಿಯುತ್ತದೆ.

ಈಗ ಡೇಟಾ ಎಲ್ಲಿದೆ ಅಂತ ಹೇಳುತ್ತೇನೆ. ಆರ್ಗೋ ಅಂತ ಒಂದು ಅಂತರರಾಷ್ಟ್ರೀಯ ಕಾರ್ಯಕ್ರಮ ಇದೆ. ಸುಮಾರು 4,000 ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲಿ ತಾವಾಗಿಯೇ ಓಡಾಡುತ್ತಿವೆ. ಒಂದೊಂದೂ 1,000 ಮೀಟರ್ ಆಳದಲ್ಲಿ ತೇಲುತ್ತಿರುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಉಪ್ಪು ಮತ್ತು ಉಷ್ಣತೆ ಅಳೆಯುತ್ತಾ ಮೇಲೆ ಬಂದು, ಉಪಗ್ರಹಕ್ಕೆ ಸುದ್ದಿ ಕಳಿಸಿ ಮತ್ತೆ ಮುಳುಗುತ್ತದೆ. ಅದರ ಡೇಟಾ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ತಳದ ಆಳ ಬೇಕೆಂದರೆ ಜೆಬ್ಕೋ ಎಂಬ ಸಾಗರತಳದ ನಕ್ಷೆ ಇದೆ. ಎಲ್ಲಿ ಯಾವ ಜೀವಿ ಕಂಡಿತು ಅಂತ ತಿಳಿಯಲು ಓಬಿಸ್ ಎಂಬ ದಾಖಲೆ ಸಂಗ್ರಹ ಇದೆ, ಹತ್ತು ಕೋಟಿಗೂ ಹೆಚ್ಚು ದಾಖಲೆಗಳು ಅದರಲ್ಲಿವೆ. ಹವಾಯಿ ಮತ್ತು ಬರ್ಮುಡಾ ಹತ್ತಿರದ ಎರಡು ನಿಲ್ದಾಣಗಳಲ್ಲಿ 1988ರಿಂದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಳೆಯುತ್ತಿದ್ದಾರೆ. ಅದೂ ತೆರೆದೇ ಇದೆ.

ನಿಮಗೆ ತಿಮಿಂಗಿಲ ಬೇಕು. ಸರಿ, ತಿಮಿಂಗಿಲದಿಂದಲೇ ಶುರು ಮಾಡೋಣ. ಉತ್ತರ ಅಟ್ಲಾಂಟಿಕ್‌ನ ರೈಟ್ ವೇಲ್ ಜಾತಿಯಲ್ಲಿ ಈಗ ಉಳಿದಿರುವುದು 400ಕ್ಕಿಂತ ಕಡಿಮೆ. ಇವು ಬೇಸಿಗೆಯಲ್ಲಿ ಎಲ್ಲಿ ಮೇಯುತ್ತವೆ ಅನ್ನುವುದು ಗೊತ್ತಿತ್ತು. ಅಲ್ಲೆಲ್ಲ ಹಡಗುಗಳ ವೇಗಕ್ಕೂ ಮೀನುಗಾರಿಕೆಗೂ ನಿಯಮಗಳಿದ್ದವು. 2010ರ ನಂತರ ಅವು ಹಳೆಯ ಜಾಗಗಳಲ್ಲಿ ಕಾಣುವುದು ಕಡಿಮೆಯಾಯಿತು. ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಕಾಣತೊಡಗಿದವು. ಅಲ್ಲಿ ಅಂಥ ರಕ್ಷಣೆ ಇರಲಿಲ್ಲ. 2017 ಒಂದೇ ವರ್ಷದಲ್ಲಿ ಕೆನಡಾ ಮತ್ತು ಅಮೆರಿಕದ ನೀರಿನಲ್ಲಿ 17 ತಿಮಿಂಗಿಲಗಳು ಸತ್ತವು. ಕಾರಣ ಗೊತ್ತಾದವುಗಳಲ್ಲಿ ಹೆಚ್ಚಿನವು ಹಡಗು ಬಡಿದು ಅಥವಾ ಮೀನುಗಾರಿಕೆಯ ಹಗ್ಗಕ್ಕೆ ಸಿಕ್ಕಿ ಸತ್ತಂಥವು.

ಅವು ಯಾಕೆ ಜಾಗ ಬದಲಿಸಿದವು? ಉತ್ತರ ಹುಡುಕಲು ತಿಮಿಂಗಿಲವನ್ನು ನೋಡಿದರೆ ಸಾಲದು. ಅದು ತಿನ್ನುವುದನ್ನು ನೋಡಬೇಕು. ಇಷ್ಟು ದೊಡ್ಡ ಪ್ರಾಣಿ ಬದುಕುವುದು ಕೋಪೆಪಾಡ್ ತಿಂದು, ಅಂದರೆ ಸಿಗಡಿಯ ದೂರದ ನಂಟನಾದ, ಅಕ್ಕಿಕಾಳಿನಷ್ಟು ಚಿಕ್ಕ ಜೀವಿಯನ್ನು ತಿಂದು. ಹೆಸರು ಕ್ಯಾಲನಸ್ ಫಿನ್ಮಾರ್ಕಿಕಸ್. ತಿಮಿಂಗಿಲಗಳು ಹಿಂದೆ ಮೇಯುತ್ತಿದ್ದ, ಅಮೆರಿಕದ ಈಶಾನ್ಯ ಕರಾವಳಿಯ ಮೇನ್ ಕೊಲ್ಲಿಯ ಆಳದ ನೀರು ಬಿಸಿಯಾದ ಹಾಗೆ ಅಲ್ಲಿ ಈ ಕೋಪೆಪಾಡ್ ಕಡಿಮೆಯಾಯಿತು. ತಿಮಿಂಗಿಲ ಊಟ ಹುಡುಕಿಕೊಂಡು ಹೋಯಿತು. ಈ ಸರಪಳಿಯ ಒಂದು ತುದಿಯಲ್ಲಿ ಸಾಗರ ಪ್ರವಾಹ, ಇನ್ನೊಂದು ತುದಿಯಲ್ಲಿ ಹಡಗಿನ ವೇಗದ ಮಿತಿ. ನಡುವೆ ಕೋಪೆಪಾಡ್. ತಿಮಿಂಗಿಲದ ಮೇಲೆ ಕೆಲಸ ಮಾಡಬೇಕು ಅನ್ನುವ ವಿದ್ಯಾರ್ಥಿಗಳ ಸಾಲು ಉದ್ದ ಇದೆ. ಪರವಾನಗಿ ಸಿಗುವುದು ಕಷ್ಟ, ಐದು ವರ್ಷದಲ್ಲಿ ಸಿಗುವ ಅಳತೆಗಳು ಬೆರಳೆಣಿಕೆಯಷ್ಟು. ಕೋಪೆಪಾಡ್ ಮುಂದೆ ಅಂಥ ಸಾಲಿಲ್ಲ. ನನ್ನನ್ನು ಕೇಳಿದರೆ, ತಿಮಿಂಗಿಲಕ್ಕೆ ಹೋಗುವ ಹತ್ತಿರದ ದಾರಿ ಕೋಪೆಪಾಡ್ ಮೂಲಕವೇ.

ಹಾಗಾದರೆ ನಿಮ್ಮ ಮೊದಲ ಕೆಲಸ ಇದು. ಓಬಿಸ್‌ನಿಂದ ಕ್ಯಾಲನಸ್ ಫಿನ್ಮಾರ್ಕಿಕಸ್ ದಾಖಲೆಗಳನ್ನು ಇಳಿಸಿಕೊಳ್ಳಿ. ನಕ್ಷೆಯ ಮೇಲೆ ಚುಕ್ಕಿ ಹಾಕಿ. ಆ ಜಾಗಗಳ ನೀರಿನ ಉಷ್ಣತೆಯನ್ನು ಜೋಡಿಸಿ. ಪ್ರಶ್ನೆ ಸರಳ: ಈ ಪ್ರಾಣಿ ಎಷ್ಟು ಬಿಸಿ ಸಹಿಸುತ್ತದೆ? ಎರಡು ವಾರದಲ್ಲಿ ಒಂದು ಚೆಂದದ ಗ್ರಾಫ್ ಬರುತ್ತದೆ. ನಿಮಗೆ ಖುಷಿಯಾಗುತ್ತದೆ. ಆಗ ನಕ್ಷೆಯನ್ನು ಇನ್ನೊಮ್ಮೆ ನೋಡಿ. ಚುಕ್ಕಿಗಳು ಹಲವು ಕಡೆ ಗೆರೆ ಎಳೆದ ಹಾಗೆ ಸಾಲಾಗಿ ಕೂತಿರುತ್ತವೆ. ಕೋಪೆಪಾಡ್‌ಗಳು ಸಾಲು ಹಿಡಿದು ಈಜುತ್ತವೆಯೇ? ಇಲ್ಲ. ಅವು ಹಡಗಿನ ದಾರಿಗಳು.

1931ರಿಂದ ನಡೆಯುತ್ತಿರುವ ಒಂದು ಸಮೀಕ್ಷೆ ಇದೆ. ಸರಕು ಹಡಗುಗಳ ಹಿಂದೆ ಒಂದು ಯಂತ್ರ ಕಟ್ಟಿ ಎಳೆಯುತ್ತಾರೆ. ಒಳಗೆ ರೇಷ್ಮೆ ಬಟ್ಟೆಯ ಪಟ್ಟಿ ನಿಧಾನವಾಗಿ ಸುತ್ತುತ್ತಾ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು, ಹಿಡಿಯುತ್ತದೆ. ಹಡಗು ಎಲ್ಲಿ ಹೋಯಿತೋ ಅಲ್ಲಿ ಮಾತ್ರ ದಾಖಲೆ. ಅದೂ ಮೇಲ್ಭಾಗದ ನೀರಿನಲ್ಲಿ ಮಾತ್ರ. ಆದರೆ ಈ ಪ್ರಾಣಿ ಚಳಿಗಾಲವನ್ನು ನೂರಾರು ಮೀಟರ್ ಆಳದಲ್ಲಿ ಮಲಗಿ ಕಳೆಯುತ್ತದೆ. ಅಂದಮೇಲೆ ನಿಮ್ಮ ಚೆಂದದ ಗ್ರಾಫ್ ಪ್ರಾಣಿಯ ಬಗ್ಗೆ ಎಷ್ಟು ಹೇಳುತ್ತದೆ, ಹಡಗಿನ ಬಗ್ಗೆ ಎಷ್ಟು ಹೇಳುತ್ತದೆ? ಈ ಪ್ರಶ್ನೆ ತಲೆಗೆ ಬಂದು, ರಾತ್ರಿ ನಿದ್ದೆ ಕೆಟ್ಟು, ಅದಕ್ಕೊಂದು ಪರಿಹಾರ ಹುಡುಕಿ, ನಾಲ್ಕು ಪುಟ ಬರೆದಿರಿ ಅಂದರೆ ನೀವು ಸಂಶೋಧನೆ ಶುರು ಮಾಡಿದಿರಿ.

ಇದಕ್ಕೆ ಬೇಕಾಗುವ ಗಣಿತ ನೀವು ಹೆದರುವಂಥದ್ದಲ್ಲ. ಲಾಗರಿದಮ್ ಅರ್ಥವಾಗಬೇಕು, ಯಾಕೆಂದರೆ ಪ್ಲಾಂಕ್ಟನ್ ಸಂಖ್ಯೆ ಒಂದು ಕಡೆ ಹತ್ತು, ಇನ್ನೊಂದು ಕಡೆ ಹತ್ತು ಸಾವಿರ ಇರುತ್ತದೆ. ಸರಾಸರಿ ಯಾವಾಗ ಸುಳ್ಳು ಹೇಳುತ್ತದೆ ಅಂತ ಗೊತ್ತಿರಬೇಕು. ಸ್ವಲ್ಪ ಸಂಖ್ಯಾಶಾಸ್ತ್ರ, ಸ್ವಲ್ಪ ಕೋಡಿಂಗ್. ಪೈಥಾನ್ ಅಥವಾ ಆರ್, ಯಾವುದಾದರೂ ಒಂದು ಸಾಕು. ಎರಡರಲ್ಲಿ ಯಾವುದು ಮೇಲು ಅಂತ ವಾದ ಮಾಡುವವರ ಹತ್ತಿರ ಹೋಗಬೇಡಿ, ಸುಮ್ನೆ ಟೈಮ್ ವೇಸ್ಟ್. ಒಂದು ವೇಳೆ ಸಾಗರ ಪ್ರವಾಹಗಳ ಭೌತಶಾಸ್ತ್ರಕ್ಕೇ ಹೋಗಬೇಕು ಅನಿಸಿದರೆ ಮಾತ್ರ ಗಣಿತ ಗಟ್ಟಿಯಾಗಿ ಬೇಕು.

ಇನ್ನು ಪ್ರಾಣಿಶಾಸ್ತ್ರದವರಿಗೆ ಮಾತ್ರ ಇರುವ ಒಂದು ಬಂಡವಾಳದ ಬಗ್ಗೆ ಹೇಳಬೇಕು. ಮೈಕ್ರೋಸ್ಕೋಪ್ ಅಡಿಯಲ್ಲಿ ಜೀವಿಯನ್ನು ನೋಡಿ ಹೆಸರು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಈಗ ಒಂದು ಲೀಟರ್ ನೀರು ಸೋಸಿ, ಅದರಲ್ಲಿರುವ ಡಿಎನ್‌ಎ ಓದಿ, ಯಾವ ಜೀವಿಗಳಿದ್ದವು ಅಂತ ಪಟ್ಟಿ ಮಾಡುವುದು ಸಾಮಾನ್ಯ. ಆದರೆ ಆ ಡಿಎನ್‌ಎ ಯಾರದ್ದು ಅಂತ ಹೇಳಲು, ಹಿಂದೆ ಯಾರಾದರೂ ಆ ಪ್ರಾಣಿಯನ್ನು ಕೈಯಲ್ಲಿ ಹಿಡಿದು ಸರಿಯಾಗಿ ಗುರುತಿಸಿ, ಅದರ ಡಿಎನ್‌ಎಯನ್ನು ದಾಖಲಿಸಿರಬೇಕು. ಆ ಗುರುತೇ ತಪ್ಪಾಗಿದ್ದರೆ ಯಂತ್ರ ಆ ತಪ್ಪನ್ನೇ ಸಾವಿರ ಸಲ ಹೇಳುತ್ತದೆ. ಕೋಪೆಪಾಡ್‌ಗಳಲ್ಲಿ ಹಲವು ಜಾತಿಗಳನ್ನು ಬೇರೆ ಮಾಡುವುದು ಐದನೇ ಜೋಡಿ ಕಾಲಿನ ಆಕಾರ ನೋಡಿ. ಎರಡು ಮಿಲಿಮೀಟರ್ ಪ್ರಾಣಿಯ ಐದನೇ ಕಾಲು! ಏಡಿಯ ಮರಿ ಏಡಿಯ ಹಾಗೆ ಇರುವುದೇ ಇಲ್ಲ. ಅದರ ಮೊದಲ ಹಂತಕ್ಕೆ ಜೋಯಿಯಾ ಅನ್ನುತ್ತೇವೆ. ಅದು ಮೊದಲು ಬೇರೆಯೇ ಒಂದು ಪ್ರಾಣಿಯ ಕುಲಕ್ಕೆ ಇಟ್ಟ ಹೆಸರು. ಏಡಿಮರಿ ಅಂತ ಗೊತ್ತಾದದ್ದು ಆಮೇಲೆ. ನಿಮ್ಮ ಓದಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂರುವ ಅವಕಾಶ ಇನ್ನೂ ಒಂದು ವರ್ಷ ಇದೆ. ಬಿಡಬೇಡಿ.

ಈಗ ಇಮೇಲ್ ವಿಷಯ. ನೀವು ಬರೆದದ್ದನ್ನು ನಾನು ನೋಡಿಲ್ಲ, ಆದರೆ ಅಂಥವು ನನಗೂ ಬರುತ್ತವೆ. "ಗೌರವಾನ್ವಿತ ಸರ್ ಅಥವಾ ಮೇಡಂ, ನನಗೆ ಚಿಕ್ಕಂದಿನಿಂದ ಸಮುದ್ರದ ಮೇಲೆ ಅಪಾರ ಆಸಕ್ತಿ, ನಿಮ್ಮ ಲ್ಯಾಬಿನಲ್ಲಿ ಅವಕಾಶ ಕೊಡಿ." ಓದಿದ ತಕ್ಷಣ ಗೊತ್ತಾಗುತ್ತದೆ, ಇದು ಇಪ್ಪತ್ತು ಜನಕ್ಕೆ ಹೋಗಿದೆ ಅಂತ. ನಾನು ಸರ್ರಾ ಮೇಡಮ್ಮಾ ಅಂತ ಕೂಡ ನೋಡಿಲ್ಲ ಅಂದರೆ ನನ್ನ ಕೆಲಸ ಏನಂತ ನೋಡಿರುತ್ತಾರಾ? ಉತ್ತರ ಕೊಡಬಾರದು ಅಂತಿಲ್ಲ, ಏನು ಉತ್ತರ ಕೊಡಬೇಕು ಅಂತಲೇ ತಿಳಿಯುವುದಿಲ್ಲ.

ಇಪ್ಪತ್ತರ ಬದಲು ಮೂರು ಜನಕ್ಕೆ ಬರೆಯಿರಿ. ಪ್ರತಿಯೊಬ್ಬರ ಎರಡು ಪೇಪರ್ ಪೂರ್ತಿ ಓದಿ. ಆಮೇಲೆ ಹತ್ತು ಸಾಲು ಸಾಕು. "ನಿಮ್ಮ ಪೇಪರಿನ ಮೂರನೇ ಚಿತ್ರದಲ್ಲಿ ಬೇಸಿಗೆಯ ಚುಕ್ಕಿಗಳು ಮಾತ್ರ ಇವೆ. ಚಳಿಗಾಲದ ಮಾದರಿಗಳು ಇಲ್ಲದಿದ್ದರಿಂದಲೋ, ಅಥವಾ ಬೇಕೆಂದೇ ಬಿಟ್ಟಿದ್ದೋ? ನಾನು ಓಬಿಸ್ ಡೇಟಾ ಮೇಲೆ ಇಂಥದ್ದೊಂದು ಸಣ್ಣ ಕೆಲಸ ಮಾಡಿದ್ದೇನೆ, ನಾಲ್ಕು ಪುಟ, ಜೊತೆಗಿಟ್ಟಿದ್ದೇನೆ." ಇಂಥ ಇಮೇಲ್‌ಗೆ ಉತ್ತರ ಕೊಡದೆ ಇರುವುದು ಕಷ್ಟ. ನನ್ನ ಈಗಿನ ವಿದ್ಯಾರ್ಥಿಗಳಲ್ಲಿ ಒಬ್ಬರು ಬಂದದ್ದೇ ಹೀಗೆ. ಅವರು ಕಳಿಸಿದ ಪುಟಗಳಲ್ಲಿ ಎರಡು ತಪ್ಪಿದ್ದವು. ತಪ್ಪಿದ್ದರೂ ಪರವಾಗಿಲ್ಲ. ಮುಗಿಸಿದ್ದರು, ಅದು ಮುಖ್ಯ.

ಗೈಡ್ ಆರಿಸುವಾಗ ಹೆಸರಿಗೆ ಮರುಳಾಗಬೇಡಿ. ಅವರ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿ. ಎಷ್ಟು ವರ್ಷದಲ್ಲಿ ಮುಗಿಸಿದರು, ಎಷ್ಟು ಜನ ನಡುವೆ ಬಿಟ್ಟು ಹೋದರು, ಪೇಪರಿನಲ್ಲಿ ವಿದ್ಯಾರ್ಥಿಯ ಹೆಸರು ಮೊದಲು ಬರುತ್ತದೆಯೇ ಅಂತ ಕೇಳಿ. ಇದು ಯಾವ ವಿಜ್ಞಾನದಲ್ಲೂ ಕೇಳಬೇಕಾದ್ದು. ಸಮುದ್ರ ವಿಜ್ಞಾನದಲ್ಲಿ ಇನ್ನೂ ಒಂದು ಪ್ರಶ್ನೆ ಸೇರುತ್ತದೆ: ನನ್ನ ಮಾದರಿಗಳು ಎಲ್ಲಿಂದ ಬರುತ್ತವೆ? "ಮುಂದಿನ ವರ್ಷದ ಯಾನದಿಂದ" ಅಂದರೆ, ಆ ಯಾನ ಖಚಿತವಾಗಿದೆಯೇ ಅಂತ ಕೇಳಿ. ಖಚಿತ ಅಂದರೂ, ಅದು ನಡೆಯದಿದ್ದರೆ ಏನು ಅಂತ ಮತ್ತೆ ಕೇಳಿ.

ಇದನ್ನು ನಾನು ಕೇಳಿರಲಿಲ್ಲ. ಪಿಎಚ್‌ಡಿಯ ಎರಡನೇ ವರ್ಷ, ಎಲ್ಲ ಸಾಮಾನು ಪ್ಯಾಕ್ ಆಗಿತ್ತು. ಹೊರಡುವ ನಾಲ್ಕು ದಿನ ಮೊದಲು ಹಡಗಿನ ವಿಂಚ್ ಕೆಟ್ಟಿತು. ಭಾರದ ಯಂತ್ರಗಳನ್ನು ಕೇಬಲ್ಲಿನಲ್ಲಿ ಇಳಿಸುವುದೇ ವಿಂಚ್, ಅದಿಲ್ಲದೆ ಹೋಗಿ ಮಾಡುವುದೇನು? ಯಾನ ರದ್ದಾಯಿತು. ಮುಂದಿನ ಸರದಿ ಹದಿನೆಂಟು ತಿಂಗಳ ಮೇಲೆ. ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಉಗ್ರಾಣ ನೋಡಿಕೊಳ್ಳುತ್ತಿದ್ದ ಹಿರಿಯರು ಕರೆದು ಒಂದು ಬೀರು ತೋರಿಸಿದರು. ಹದಿನೈದು ವರ್ಷಗಳ ಪ್ಲಾಂಕ್ಟನ್ ಜಾಡಿಗಳು, ದೂಳು ಹಿಡಿದು ಕೂತಿದ್ದವು. ಯಾರೂ ಪೂರ್ತಿ ಎಣಿಸಿರಲಿಲ್ಲ. ನನ್ನ ಥೀಸಿಸ್‌ನ ಮುಕ್ಕಾಲು ಭಾಗ ಆ ಬೀರುವಿನಿಂದ ಬಂತು. ನಿಮ್ಮ ಥೀಸಿಸ್ ಕೂಡ ಒಂದೇ ಯಾನಕ್ಕೆ ನೇತುಬೀಳದ ಹಾಗೆ ನೋಡಿಕೊಳ್ಳಿ. ಒಂದು ಅಧ್ಯಾಯ ಹಳೆಯ ಡೇಟಾದಿಂದ, ಒಂದು ಲ್ಯಾಬಿನ ಪ್ರಯೋಗದಿಂದ, ಒಂದು ಹಡಗಿನಿಂದ. ಹಡಗಿನದು ಬಿದ್ದರೂ ಉಳಿದೆರಡು ನಿಲ್ಲುತ್ತವೆ.

ಹಡಗಿಗೆ ಹೋಗುವ ದಿನ ಬಂದೇ ಬರುತ್ತದೆ. ಅದಕ್ಕೆ ಮೊದಲು ಹಳೆಯ ಯಾನಗಳ ವರದಿಗಳನ್ನು ಓದಿ. ಪೇಪರ್‌ಗಳಲ್ಲಿ ಎಲ್ಲವೂ ಸುಸೂತ್ರ. ಯಾನದ ವರದಿಯಲ್ಲಿ ಮಾತ್ರ ಯಾವ ಬಾಟಲಿ ಮುಚ್ಚಿಕೊಳ್ಳಲಿಲ್ಲ, ಯಾವ ದಿನ ಗಾಳಿ ಜಾಸ್ತಿಯಾಗಿ ಕೆಲಸ ನಿಂತಿತು, ಯಾವ ಸೆನ್ಸರ್ ಕೈಕೊಟ್ಟಿತು ಅಂತೆಲ್ಲ ಇರುತ್ತದೆ. ನನಗೆ ಅವು ಕಾದಂಬರಿಗಿಂತ ಇಷ್ಟ.

ಅಲ್ಲಿ ನಿಮ್ಮ ಮೊದಲ ಕೆಲಸ ಬಹುಶಃ ನೀರು ಹಿಡಿಯುವುದು. ಸಿಟಿಡಿ ಅಂದರೆ ಉಪ್ಪು, ಉಷ್ಣತೆ, ಆಳ ಅಳೆಯುವ ಯಂತ್ರ. ಅದರ ಸುತ್ತ ದುಂಡಗೆ ನೀರು ಹಿಡಿಯುವ 12 ಅಥವಾ 24 ನಿಸ್ಕಿನ್ ಬಾಟಲಿಗಳು. ನಿಮಿಷಕ್ಕೆ ಸುಮಾರು 60 ಮೀಟರ್ ವೇಗದಲ್ಲಿ ಇಳಿಸುತ್ತಾರೆ. 4,000 ಮೀಟರಿಗೆ ಹೋಗಿ ಬರಲು ಎರಡು ಗಂಟೆಗಿಂತ ಜಾಸ್ತಿ. ಅದು ಡೆಕ್ಕಿಗೆ ಬಂದಾಗ ರಾತ್ರಿ ಮೂರು ಗಂಟೆ ಇರಬಹುದು. ಎಲ್ಲರೂ ಬಾಟಲಿಗೆ ಮುಗಿಬೀಳುವಂತಿಲ್ಲ, ಸರದಿ ಇದೆ. ಕರಗಿದ ಅನಿಲಗಳನ್ನು ಅಳೆಯುವವರು ಮೊದಲು, ಯಾಕೆಂದರೆ ಬಾಟಲಿ ತೆರೆದ ಕೂಡಲೇ ಗಾಳಿ ಒಳಗೆ ಸೇರುತ್ತದೆ. ಆಮೇಲೆ ಪೋಷಕಾಂಶದವರು. ಉಪ್ಪಿನವರು ಕೊನೆಗೆ, ಉಪ್ಪು ಎಲ್ಲಿಗೂ ಓಡಿಹೋಗುವುದಿಲ್ಲ. ಆಮ್ಲಜನಕಕ್ಕೆ ನೀರು ಹಿಡಿಯುವಾಗ ಕೊಳವೆಯನ್ನು ಸೀಸೆಯ ತಳಕ್ಕೆ ಮುಟ್ಟಿಸಿ, ಒಂದೂ ಗುಳ್ಳೆ ಬರದಂತೆ ತುಂಬಿ, ಸೀಸೆಯ ಎರಡು ಮೂರು ಪಟ್ಟು ನೀರು ಹೊರಚೆಲ್ಲುವವರೆಗೆ ಬಿಡಬೇಕು. ಆಮೇಲೆ ಅದನ್ನು ಅಳೆಯುವ ವಿಂಕ್ಲರ್ ವಿಧಾನ 1888ರದ್ದು. ಇವತ್ತಿಗೂ ಹೊಸ ಸೆನ್ಸರ್‌ಗಳು ಸರಿಯಾಗಿವೆಯೇ ಅಂತ ನೋಡುವುದು ಅದರ ಎದುರಿಗೇ.

ಈ ಮಡಿಯ ಹಿಂದೆ ಕಾರಣ ಇದೆ. 1970ರ ದಶಕದವರೆಗೆ ಸಮುದ್ರದ ನೀರಿನಲ್ಲಿರುವ ಎಷ್ಟೋ ಲೋಹಗಳ ಅಳತೆಗಳು ತಪ್ಪಾಗಿದ್ದವು. ವಿಜ್ಞಾನಿಗಳು ಅಳೆದದ್ದು ಸಮುದ್ರವನ್ನಲ್ಲ. ಹಡಗಿನ ತುಕ್ಕು, ಕೇಬಲ್ಲಿನ ಎಣ್ಣೆ, ಬಾಟಲಿಯ ಕೊಳೆ ಎಲ್ಲ ಅದರಲ್ಲಿ ಸೇರಿತ್ತು. ತೆರೆದ ಸಾಗರದ ಮೇಲ್ನೀರಿನಲ್ಲಿ ಕಬ್ಬಿಣ ಎಷ್ಟು ಕಡಿಮೆ ಅಂದರೆ ಕಬ್ಬಿಣದ ಹಡಗಿನಲ್ಲಿ ನಿಂತು ಅದನ್ನು ಅಳೆಯುವುದೇ ಒಂದು ಸಾಹಸ. ಅಮೆರಿಕದ ಸಮುದ್ರ ವಿಜ್ಞಾನಿ ಜಾನ್ ಮಾರ್ಟಿನ್ ಮತ್ತು ಜೊತೆಗಾರರು ಬಾಟಲಿ, ಕೈಗವಸು, ಕೋಣೆಯ ಗಾಳಿ ಎಲ್ಲವನ್ನೂ ಶುದ್ಧ ಮಾಡಿಕೊಂಡು ಅಳೆದರು. ಪೋಷಕಾಂಶ ಇದ್ದರೂ ಕೆಲವು ಸಾಗರಗಳಲ್ಲಿ ಪಾಚಿ ಯಾಕೆ ಬೆಳೆಯುವುದಿಲ್ಲ ಅನ್ನುವ ಪ್ರಶ್ನೆಗೆ ಕಬ್ಬಿಣದ ಕೊರತೆ ಅನ್ನುವ ಉತ್ತರ ಹೊಳೆದದ್ದು ಆಗ. 1993ರಲ್ಲಿ ಅವರ ತಂಡ ಗಲಪಗೋಸ್ ಹತ್ತಿರ ಸಮುದ್ರಕ್ಕೇ ಕಬ್ಬಿಣ ಬೆರೆಸಿ ಪರೀಕ್ಷಿಸಿತು, ಪಾಚಿ ಬೆಳೆಯಿತು. ಅದಕ್ಕೆ ಕೆಲವೇ ತಿಂಗಳ ಮೊದಲು ಮಾರ್ಟಿನ್ ತೀರಿಕೊಂಡಿದ್ದರು.

ನನ್ನ ಮೊದಲ ಯಾನದ ತಪ್ಪು ಇಷ್ಟು ಘನವಾದದ್ದಲ್ಲ. ಜಾಡಿಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದಿದ್ದೆ. ನೀರಿಗೆ ಅಳಿಸುವುದಿಲ್ಲ ಅಂತ ಪೆನ್ನಿನ ಮೇಲೆ ಬರೆದಿತ್ತು. ಎಥನಾಲ್‌ಗೆ ಅಳಿಸುವುದಿಲ್ಲ ಅಂತ ಬರೆದಿರಲಿಲ್ಲ. ಒಂದು ಜಾಡಿ ಸೋರಿತು, ಹನ್ನೊಂದು ಜಾಡಿಗಳ ಹೆಸರು ಹೋಯಿತು. ಎಲ್ಲಿಂದ, ಎಷ್ಟು ಆಳದಿಂದ ಬಂದದ್ದು ಅಂತ ಗೊತ್ತಿಲ್ಲದ ಮಾದರಿಗೆ ಬೆಲೆಯಿಲ್ಲ. ಎಲ್ಲ ಎಸೆಯಬೇಕಾಯಿತು. ಅಂದಿನಿಂದ ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಜಾಡಿಯ ಒಳಗೇ ಹಾಕುತ್ತೇನೆ. ಹಳಬರೆಲ್ಲ ಹಾಗೇ ಮಾಡುತ್ತಿದ್ದರು, ನಾನು ಕೇಳಿರಲಿಲ್ಲ ಅಷ್ಟೆ.

ವಾಂತಿಯ ವಿಷಯ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿದ್ದರು, ಅಷ್ಟೂ ಕಾಲ ಅವರಿಗೆ ಸಮುದ್ರದ ಓಲಾಟ ಒಗ್ಗಲಿಲ್ಲ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಒಗ್ಗುತ್ತದೆ. ಮಾತ್ರೆಯನ್ನು ತಲೆ ತಿರುಗಿದ ಮೇಲೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಮೈಕ್ರೋಸ್ಕೋಪನ್ನು ಮೊದಲ ದಿನ ಮುಟ್ಟಬೇಡಿ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಒಗ್ಗಲೇ ಇಲ್ಲ ಅಂದರೆ ದಡದಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ, ಆಗಲೇ ಹೇಳಿದೆನಲ್ಲ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅಭಿವೃದ್ಧಿಶೀಲ ದೇಶಗಳ ಯುವ ಸಂಶೋಧಕರು ಬೇರೆ ದೇಶದ ಲ್ಯಾಬಿಗೆ ಹೋಗಿ ಕೆಲಸ ಕಲಿಯಲು ಪೋಗೋ ಮತ್ತು ಸ್ಕೋರ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಫೆಲೋಶಿಪ್ ಕೊಡುತ್ತವೆ. ಪಿಎಚ್‌ಡಿಗೆ ಸೇರಿದ ಮೇಲೆ ಗೈಡ್ ಜೊತೆ ಕೂತು ಅರ್ಜಿ ಹಾಕಿ. ಪಿಎಚ್‌ಡಿ ಮಾಡಿದ ಎಲ್ಲರಿಗೂ ಪ್ರಾಧ್ಯಾಪಕರ ಕೆಲಸ ಸಿಗುವುದಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ಡೇಟಾ ನಿರ್ವಹಣೆ, ಮೀನುಗಾರಿಕೆ ಸಮೀಕ್ಷೆ, ಬಂದರು ಮತ್ತು ಕರಾವಳಿ ಯೋಜನೆಗಳ ಪರಿಸರ ಅಧ್ಯಯನ, ಹಡಗಿನ ಉಪಕರಣ ನೋಡಿಕೊಳ್ಳುವ ತಂತ್ರಜ್ಞರ ಕೆಲಸ, ಇವೆಲ್ಲ ಇವೆ. ನನ್ನ ಜೊತೆ ಓದಿದವರಲ್ಲಿ ನೆಮ್ಮದಿಯಾಗಿ ಇರುವವರು ಹೆಚ್ಚಾಗಿ ಅಲ್ಲೇ ಇದ್ದಾರೆ.

ಕೊನೆಗೆ ಈಜು. ಹವಳದ ಮೇಲೆ ಅಥವಾ ದಡದ ಹತ್ತಿರ ಮುಳುಗಿ ಮಾಡುವ ಕೆಲಸ ಆರಿಸಿದರೆ ಈಜು ಬೇಕೇ ಬೇಕು, ಡೈವಿಂಗ್ ತರಬೇತಿಯೂ ಬೇಕು. ದೊಡ್ಡ ಹಡಗಿನಲ್ಲಿ ನೀರಿಗೆ ಇಳಿಯುವ ಪ್ರಸಂಗವೇ ಬರುವುದಿಲ್ಲ, ಬಂದರೆ ಅದು ಅಪಘಾತ. ಎಷ್ಟೋ ಹಡಗುಗಳಲ್ಲಿ ಹೊರಡುವ ಮೊದಲು ನೀರಿನಲ್ಲಿ ಬದುಕುಳಿಯುವ ತರಬೇತಿ ಕಡ್ಡಾಯ. ಲೈಫ್ ಜಾಕೆಟ್ ಹಾಕಿಕೊಂಡು ಕೊಳಕ್ಕೆ ಹಾರಿ, ತೆಪ್ಪ ಹತ್ತಬೇಕಾಗುತ್ತದೆ. ಅದಕ್ಕಾದರೂ ನೀರಿನ ಭಯ ಬಿಟ್ಟಿರಬೇಕು. ಹತ್ತಿರದ ಈಜುಕೊಳಕ್ಕೆ ಈ ರಜೆಯಲ್ಲೇ ಸೇರಿಕೊಳ್ಳಿ. ಎರಡು ತಿಂಗಳು ಸಾಕು.